ಕೂರಿಸಿ ಕೆಡಿಸಿದ ಬೆನ್ನು

ಬೇಕರಿ ಅಣ್ಣತಮ್ಮಂದಿರದು. ಮಾರಾಟ ಅಣ್ಣನ ಪಾಲಿಗೆ, ಹಿಟ್ಟು ನಾದಿ ಭಟ್ಟಿ ನೋಡಿಕೊಳ್ಳುವುದು ತಮ್ಮನ ಪಾಲಿಗೆ. ಇಪ್ಪತ್ತೈದು ತುಂಬುವ ಹೊತ್ತಿಗೇ ತಮ್ಮನಿಗೆ ಬೆಳಗ್ಗೆ ಹಾಸಿಗೆ ಬಿಟ್ಟು ಏಳುವುದು ಕಷ್ಟವಾಯಿತು. ಸೊಂಟ ಕಟ್ಟಿಹಾಕಿದಂತೆ ಹಿಡಿದುಕೊಳ್ಳುತ್ತಿತ್ತು. ಗೋಡೆ ಹಿಡಿದು ಹೆಜ್ಜೆ ಇಡುತ್ತಿದ್ದ. ನಾದಲು ಶುರುಮಾಡಿದ ಮೇಲೆ ಮೈ ಸಡಿಲವಾಗಿ, ಮೊದಲ ಬ್ರೆಡ್ಡು ಬೇಯುವಷ್ಟರಲ್ಲಿ ಮೈದಾ ಮೂಟೆಯನ್ನು ಆರಾಮಾಗಿ ಎತ್ತುತ್ತಿದ್ದ.

"ಏಳೋವಾಗ ಮುದುಕ, ಆಮೇಲೆ ಪೈಲ್ವಾನ! ಮೈಗಳ್ಳನಿಗೊಂದು ನೆವ," ಎಂದು ಅಣ್ಣ ಗಿರಾಕಿಗಳ ಎದುರೇ ನಗುತ್ತಿದ್ದ. ತಮ್ಮನೂ ನಗುತ್ತಿದ್ದ.

ಒಂದು ಬೆಳಗ್ಗೆ ಅವನು ಬೂಟು ಹಾಕಿಕೊಳ್ಳಲು ಬಗ್ಗಲಾಗದೆ ಕಣ್ಣೀರಿಟ್ಟದ್ದನ್ನು ಅಣ್ಣ ಕಂಡ. ಮೂಟೆ ಹೊತ್ತೇ ಹೀಗಾಗಿದೆ ಎಂದುಕೊಂಡು ನಾದಲು ಬೇರೆಯವರನ್ನಿಟ್ಟ. ತಮ್ಮನನ್ನು ಗಲ್ಲಾದ ಹಿಂದಿನ ಕುರ್ಚಿಯಲ್ಲಿ ದಿಂಬು ಹಾಕಿ ಕೂರಿಸಿದ.

"ಕೂತರೇ ಜಾಸ್ತಿ ನೋಯುತ್ತೆ. ನಾದೋಕೆ ಬಿಡಣ್ಣ."

"ಬಾಯಿ ಮುಚ್ಕೊಂಡು ಕೂರೋ. ನಾಳೆ ನಿನ್ನ ಸೊಂಟ ಮುರಿದರೆ ಜನ ನನ್ನ ಮುಖಕ್ಕೆ ಉಗೀತಾರೆ."

ಎಣ್ಣೆ ತಿಕ್ಕಿದ್ದಾಯಿತು, ಬೆಲ್ಟು ಬಿಗಿದದ್ದಾಯಿತು. ಅತ್ತಿಗೆ ಶಾಖ ಕೊಟ್ಟಳು. ಎಕ್ಸ್‌ರೇ ನೋಡಿದವರು ಏನೂ ಕಾಣುವುದಿಲ್ಲ, ರೆಸ್ಟ್ ತಗೊಳ್ಳಿ ಎಂದರು. ಹೀಗೇ ವರ್ಷಗಳು ಉರುಳಿದವು, ತಮ್ಮನ ಬೆನ್ನು ಮುಂದಕ್ಕೆ ಬಾಗುತ್ತಾ ಬಂತು.

ಕಾರಣ ಗೊತ್ತಾದದ್ದು ಕಣ್ಣಿನಿಂದ. ಒಂದು ಕಣ್ಣು ಕೆಂಡದಂತೆ ಕೆಂಪಾಗಿ, ಬೆಳಕು ಸಹಿಸಲಾಗದೆ ಅಣ್ಣನ ಜೊತೆ ಆಸ್ಪತ್ರೆಗೆ ಹೋದ. ಕಣ್ಣಿನ ಡಾಕ್ಟರಮ್ಮ ಪರೀಕ್ಷಿಸುತ್ತಲೇ ಕೇಳಿದರು: "ಬೆಳಗ್ಗೆ ಸೊಂಟ ಹಿಡ್ಕೊಳ್ಳುತ್ತಾ? ಓಡಾಡಿದರೆ ಕಡಿಮೆ ಆಗುತ್ತಾ?"

ಎರಡಕ್ಕೂ ತಮ್ಮ ಹೌದೆಂದ.

ಡಾಕ್ಟರಮ್ಮ ಕೀಲುಗಳ ಡಾಕ್ಟರ ಬಳಿಗೆ ಕಳಿಸಿದರು. ರಕ್ತ ಪರೀಕ್ಷೆ, ಸ್ಕ್ಯಾನ್ ಆಯಿತು. ಮೂಟೆಯ ತಪ್ಪೇನೂ ಇರಲಿಲ್ಲ. ರೋಗದಿಂದ ಕಾಯಬೇಕಾದ ಶಕ್ತಿಯೇ ಮೈಗೆ ತಿರುಗಿಬಿದ್ದು ಬೆನ್ನಿನ ಕೀಲುಗಳಲ್ಲಿ ಉರಿಯೂತ ಎಬ್ಬಿಸಿತ್ತು. ಕಣ್ಣು ಕೆಂಪಾದದ್ದೂ ಅದರಿಂದಲೇ. ಬೆನ್ನಿನ ಕೆಲವು ಮೂಳೆಗಳು ಆಗಲೇ ಒಂದಕ್ಕೊಂದು ಬೆಸೆದುಕೊಂಡಿದ್ದವು.

"ಈ ಕಾಯಿಲೆಗೆ ಮೈ ಆಡ್ತಾ ಇರಬೇಕು ಕಣ್ರೀ. ಕೂತಷ್ಟೂ ಬಿಗಿಯುತ್ತೆ. ನಾದೋ ಕೆಲಸ ಯಾಕೆ ಬಿಟ್ರಿ?" ಎಂದರು ಕೀಲುಗಳ ಡಾಕ್ಟರು.

ಪ್ರಶ್ನೆ ಕೇಳಿದ್ದು ತಮ್ಮನನ್ನು, ತಲೆ ತಗ್ಗಿದ್ದು ಅಣ್ಣನದು.

ಇಂಜೆಕ್ಷನ್, ಮಾತ್ರೆ, ದಿನವೂ ವ್ಯಾಯಾಮ ಶುರುವಾದವು. ಕೆಲವು ತಿಂಗಳಲ್ಲಿ ನೋವು ಹಿಡಿತಕ್ಕೆ ಬಂದು ತಮ್ಮ ಮತ್ತೆ ಹಿಟ್ಟಿಗೆ ಕೈಹಾಕಿದ. ಆದರೆ ಬೆಸೆದದ್ದು ಬಿಡಲಿಲ್ಲ. ಯಾರಾದರೂ ಹಿಂದಿನಿಂದ ಕರೆದರೆ ಕತ್ತು ಹೊರಳದೆ ಇಡೀ ಮೈ ತಿರುಗಿಸಬೇಕು.

"ನೀನು ಬಾಯಿ ಬಿಟ್ಟು ಹೇಳಿದ್ದೆ. ನಾನೇ ಕೇಳಲಿಲ್ಲ," ಎಂದ ಅಣ್ಣ ಒಮ್ಮೆ.

"ನನ್ನ ಒಳ್ಳೇದಕ್ಕೇ ತಾನೇ ಮಾಡಿದ್ದು?"

ಆ ಮಾತು ಅಣ್ಣನಿಗೆ ಇನ್ನಷ್ಟು ಚುಚ್ಚಿತು. ಈಗ ಅವನು ತಮ್ಮನನ್ನು ಹಿಂದಿನಿಂದ ಕರೆಯುವುದಿಲ್ಲ. ನಾದುವ ಮೇಜು ಸುತ್ತಿ ಬಂದು ಎದುರು ನಿಂತು ಮಾತನಾಡುತ್ತಾನೆ.