ನಮ್ಮವರನ್ನು ಮುಸಫ್ಫಾಗೆ ಕೊಟ್ಟ ಕತೆ

ಮೊನ್ನೆ ಮಗಳು ಸೋಫಾದಲ್ಲಿ ಬಿದ್ದುಕೊಂಡು ಮೊಬೈಲಿನಲ್ಲಿ ಯಾವುದೋ ಕ್ರಿಕೆಟ್ ಆಟ ಆಡುತ್ತಿದ್ದಳು. ಬೇರೆ ತಂಡಕ್ಕೆ ಕೊಟ್ಟುಬಿಟ್ಟ ಒಬ್ಬ ಆಟಗಾರನನ್ನು ತೋರಿಸಿ "ಐ ಟ್ರೇಡೆಡ್ ಹಿಮ್, ಅಮ್ಮ. ಹೀ ಈಸ್ ಓಲ್ಡ್" ಅಂದಳು. ಪಾಪ, ಅವಳಿಗೇನು ಗೊತ್ತು? ಆ ಒಂದು ಮಾತಿಗೆ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತುತ್ತದೆ. ಯಾಕೆಂದು ಹೇಳುತ್ತೇನೆ. ಕೇಳಿದ ಮೇಲೆ ನೀವೇ ಹೇಳಿ, ನನ್ನದು ತಪ್ಪಾ ಅಂತ.

ನಾವು ಆಗಲೂ ದುಬೈಯ ಅಲ್ ನಹ್ದಾದಲ್ಲೇ ಇದ್ದೆವು. ಅಲ್ಲಿ ನಮ್ಮ ಕರಾವಳಿಯವರದ್ದೊಂದು ಅಂಡರ್ ಆರ್ಮ್ ಕ್ರಿಕೆಟ್ ತಂಡ. ಟೆನ್ನಿಸ್ ಚೆಂಡನ್ನು ಸೊಂಟದ ಕೆಳಗಿನಿಂದ ಬಿಡುವ, ಉಡುಪಿ, ಮಂಗಳೂರಿನವರು ಎಲ್ಲಿ ಹೋದರೂ ಜೊತೆಗೆ ಕೊಂಡುಹೋಗುವ ಆಟ ಅದು. ನನಗೆ ಇವತ್ತಿಗೂ ಬೈ ಯಾವುದು, ವೈಡ್ ಯಾವುದು ತಿಳಿಯುವುದಿಲ್ಲ. ಆದರೆ ನಮ್ಮವರು, ಅಂದರೆ ನನ್ನ ಯಜಮಾನರು ಸುಧಾಕರ, ಕೊನೆಯ ಓವರಿನ ಬೌಲರ್ ಎಂಬುದು ಗೊತ್ತಿತ್ತು. ತಲೆ ಅರ್ಧ ನರೆತಿತ್ತು, ಓಡಲು ಆಗುತ್ತಿರಲಿಲ್ಲ. ಆದರೂ ಪಂದ್ಯ ಕೈಜಾರುವ ಹೊತ್ತಿಗೆ ಎಲ್ಲರೂ "ಅಣ್ಣಾ, ಬನ್ನಿ" ಅನ್ನುತ್ತಿದ್ದರು. ವಾರವಿಡೀ ಆಫೀಸಿನಲ್ಲಿ ಬೈಸಿಕೊಂಡು ಬರುವ ಮನುಷ್ಯ ಆ "ಅಣ್ಣಾ, ಬನ್ನಿ"ಗಾಗಿಯೇ ರಜೆಯ ಶುಕ್ರವಾರವನ್ನು ಕಾಯುತ್ತಿದ್ದರು.

ಪಂದ್ಯ ಮುಗಿದ ಮೇಲೆ ಇಡೀ ತಂಡ ನಮ್ಮ ಮನೆಗೇ. ನೀರುದೋಸೆ, ಕೋಳಿ ಸುಕ್ಕ. ಕ್ಯಾಪ್ಟನ್ ಹರೀಶನಿಗಂತೂ ದೋಸೆ ಕಾವಲಿಯಲ್ಲಿರುವಾಗಲೇ ಕೈ ಹಾಕುವಷ್ಟು ಸಲುಗೆ.

ಸೀಸನ್ನಿನ ನಡುವೆ ಒಂದು ಬೆಳಿಗ್ಗೆ ನಮ್ಮವರು ಸ್ನಾನಕ್ಕೆ ಹೋಗಿದ್ದಾಗ ಅವರ ಫೋನಿಗೆ ವಾಟ್ಸಾಪ್ ಬಂತು. "ಸುಧಾಕರಣ್ಣ ಕ್ಯಾನ್ಸಲ್. ಮುಸಫ್ಫಾಗೆ ಟ್ರಾನ್ಸ್‌ಫರ್. ಪ್ರಜ್ವಲ್ ಜಾಯಿನಿಂಗ್." ಗಲ್ಫಿನಲ್ಲಿ ಕ್ಯಾನ್ಸಲ್ ಅಂದರೆ ಒಂದೇ ಅರ್ಥ: ವೀಸಾ ರದ್ದು, ಗಂಟುಮೂಟೆ ಕಟ್ಟು. ಯಾರು ಕಳಿಸಿದ್ದೆಂದು ನೋಡುವ ವ್ಯವಧಾನ ಯಾರಿಗಿದೆ? ಅಯ್ಯೋ ದೇವರೇ ಎಂದು ಕಪಾಟಿನ ಮೇಲಿನ ಸೂಟ್‌ಕೇಸ್ ಎಳೆದು ಮಗಳ ಯೂನಿಫಾರ್ಮ್ ತುಂಬತೊಡಗಿದೆ. ಊರಿಗೆ ಹೋಗುವವರಿಗೆ ದುಬೈ ಶಾಲೆಯ ಯೂನಿಫಾರ್ಮ್ ಯಾಕೆ ಎಂದು ತಲೆಗೇ ಹೊಳೆಯಲಿಲ್ಲ.

ಟವೆಲು ಸುತ್ತಿಕೊಂಡು ಬಂದ ನಮ್ಮವರು ಫೋನು ನೋಡಿ ನಕ್ಕರು. "ಎಂತ ಮಾರಾಯ್ತಿ, ಇದು ವೀಸಾ ಅಲ್ಲ. ಟೀಮಿನ ಗ್ರೂಪಿನದ್ದು, ಹರೀಶ ಹಾಕಿದ್ದು." ನಗು ಅರ್ಧಕ್ಕೇ ನಿಂತಿತು. ಮತ್ತೊಮ್ಮೆ ಓದಿದರು. ಅಬುಧಾಬಿ ಕಡೆಯ ಮುಸಫ್ಫಾ ತಂಡಕ್ಕೆ ಕೊನೆಯ ಓವರಿಗೆ ಒಬ್ಬ ಪಳಗಿದ ಕೈ ಬೇಕಿತ್ತಂತೆ. ಇವರನ್ನು ಕೊಟ್ಟು, ಅವರಲ್ಲಿದ್ದ ಸಿಕ್ಸರ್ ಹೊಡೆಯುವ ಹುಡುಗ ಪ್ರಜ್ವಲನನ್ನು ತಂದಿದ್ದರು. "ನನ್ನ ಹತ್ರ ಒಂದು ಮಾತು ಕೇಳ್ಲಿಲ್ಲ ಅಲ್ವಾ" ಅಂದರು, ಅಷ್ಟೆ. ತಿಂಡಿ ಮುಟ್ಟದೆ ಆಫೀಸಿಗೆ ಹೋದರು.

ಅವರು ಸುಮ್ಮನಿದ್ದರೆ ನಾನೂ ಸುಮ್ಮನಿರಬೇಕಾ? ಹರೀಶನಿಗೆ ಫೋನ್ ಮಾಡಿದೆ.

"ಅಲ್ಲ ಹರೀಶ, ಅವರೇನು ನೈಫ್ ಮಾರ್ಕೆಟಿನ ಅಂಗಡಿಯ ಸಾಮಾನಾ, ಕೊಟ್ಟು ಬದಲಿ ತರ್ಲಿಕ್ಕೆ?"

"ಹಾಗಲ್ಲ ಅಕ್ಕ. ಸ್ವಲ್ಪ ಪ್ರೊಫೆಶನಲ್ ಆಗಿ ಯೋಚಿಸ್ಬೇಕಲ್ವಾ?"

"ಪ್ರೊಫೆಶನಲ್ಲಾ? ನನ್ನ ಅಡುಗೆಕೋಣೆಯಲ್ಲಿ ನಿಂತು ಸುಕ್ಕದ ಪಾತ್ರೆ ಕೆರೆಯುವಾಗ ನಿನ್ನ ಪ್ರೊಫೆಶನಲ್ ಎಲ್ಲಿ ಹೋಗಿತ್ತು?"

ಫೋನಿಟ್ಟ ಮೇಲೆ ಇನ್ನೂ ಒಳ್ಳೊಳ್ಳೆಯ ಬೈಗುಳ ನೆನಪಾದವು. ನನ್ನದು ಯಾವಾಗಲೂ ಹಾಗೇ.

ಶುಕ್ರವಾರ ಬೆಳಿಗ್ಗೆ ಬಾಗಿಲಲ್ಲಿ ಮುಸಫ್ಫಾದ ಕ್ಯಾಪ್ಟನ್ ಲಾರೆನ್ಸ್. ವರ್ಕ್‌ಶಾಪಿನಲ್ಲಿ ಫೋರ್‌ಮನ್. ಕೆಳಗೆ ಪಿಕಪ್ ನಿಲ್ಲಿಸಿ ಬಂದಿದ್ದ. "ಅಕ್ಕ, ಅಣ್ಣನನ್ನು ಕರ್ಕೊಂಡು ಹೋಗ್ಬಹುದಾ? ಸಂಜೆ ನಾನೇ ತಂದು ಬಿಡ್ತೇನೆ. ಅಣ್ಣಾ, ನಿಮಗೆ ಮನಸ್ಸಿದ್ರೆ ಮಾತ್ರ." ಮನಸ್ಸಿದ್ದರೆ ಮಾತ್ರ! ವರ್ಷಗಟ್ಟಲೆ ನಮ್ಮ ಮನೆಯಲ್ಲಿ ಉಂಡವನ ಬಾಯಿಂದ ಬಾರದ ಮಾತು, ಗುರುತಿಲ್ಲದವನ ಬಾಯಿಂದ ಬಂತು. ನಮ್ಮವರು ಬೂಟು ಹಾಕಿಕೊಂಡರು.

ಫೈನಲ್ಲಿನಲ್ಲಿ ಎದುರಿಗೆ ಸಿಕ್ಕಿದ್ದು ಹರೀಶನ ಅಲ್ ನಹ್ದಾ ತಂಡವೇ. ಕೊನೆಯ ಚೆಂಡು ನಮ್ಮವರ ಕೈಯಲ್ಲಿ, ಬ್ಯಾಟು ಪ್ರಜ್ವಲನ ಕೈಯಲ್ಲಿ. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಚೆಂಡು ಬೇಲಿಯಾಚೆ ಮರಳಿನಲ್ಲಿ ಬಿದ್ದಿತ್ತು. ಸೋತೆವು.

ಹರೀಶ ಕುಣಿಯುತ್ತಾ ಬಂದು ನಮ್ಮವರ ಹೆಗಲ ಮೇಲೆ ಕೈ ಹಾಕಿದ. "ಬೇಜಾರು ಮಾಡ್ಬೇಡಿ ಅಣ್ಣಾ, ಮುಂದಿನ ಸೀಸನ್‌ಗೆ ನಿಮ್ಮನ್ನು ವಾಪಸ್ ತಗೊಳ್ತೇವೆ." ಎಂಥಾ ಉಪಕಾರ ನೋಡಿ! ನಾನು ಬಾಯಿ ತೆರೆಯುವಷ್ಟರಲ್ಲಿ ಲಾರೆನ್ಸ್ ಕೇಳಿದ:

"ಅಣ್ಣನ ಹತ್ರ ಕೇಳಿದ್ರಾ?"

ಹರೀಶ ಹೆಗಲ ಮೇಲಿನ ಕೈ ತೆಗೆದ. ನಮ್ಮವರು ಬೆವರು ಒರೆಸಿಕೊಂಡು ಲಾರೆನ್ಸನ ಕಡೆ ತಿರುಗಿದರು. "ಮುಂದಿನ ಸೀಸನ್‌ಗೆ ಶುಕ್ರವಾರ ಪಿಕಪ್ ಎಷ್ಟು ಗಂಟೆಗೆ ಬರ್ತದೆ?"

ಅದೆಲ್ಲ ಆಗಿ ವರ್ಷಗಳಾದವು. ನಮ್ಮವರ ಮೊಣಕಾಲು ಕೈಕೊಟ್ಟಿದೆ, ಈಗ ಆಡುವುದಿಲ್ಲ. ನನ್ನ ಸಿಟ್ಟು ಮಾತ್ರ ಗಟ್ಟಿಮುಟ್ಟಾಗಿತ್ತು. ನಿನ್ನೆ ಸಂಜೆ ಬಾಗಿಲು ತೆರೆದರೆ ಹರೀಶ. ಅವನ ಕೂದಲೂ ನರೆತಿದೆ.

"ಅಕ್ಕ, ನನ್ನನ್ನೂ ಟೀಮಿನಿಂದ ತೆಗೆದ್ರು. ಗ್ರೂಪಿನಲ್ಲಿ ಓದಿಯೇ ಗೊತ್ತಾದದ್ದು."

ಬೇಕಿತ್ತು ನಿನಗೆ, ಅನ್ನಬೇಕಿತ್ತು. ಇಷ್ಟು ವರ್ಷ ಕಾದದ್ದೇ ಅದಕ್ಕೆ. ಆದರೆ ಅವನ ಮುಖ ನೋಡಿದರೆ ಆ ಮಾತು ನಾಲಿಗೆಗೆ ಬರಲಿಲ್ಲ.

"ನಿನ್ನ ಹತ್ರ ಕೇಳ್ಲೇ ಇಲ್ವಾ?"

"ಇಲ್ಲ ಅಕ್ಕ."

ಮೈಯೆಲ್ಲ ಉರಿದುಹೋಯಿತು. "ಯಾರವನು ಹೊಸ ಕ್ಯಾಪ್ಟನ್?" ಅಂದೆ. "ಬಾ ಒಳಗೆ. ಮೊದಲು ಅವನ ನಂಬರ್ ಕೊಡು."