ಗಂಡಸರ ನಂಬರು

ನನ್ನ ಎದೆಯೊಳಗೆ ಹದಿನಾಲ್ಕು ವರ್ಷಗಳಿಂದ ಲೋಹದ ಕವಾಟವೊಂದು ಟಿಕ್ ಟಿಕ್ ಎನ್ನುತ್ತಿದೆ. ಹೈದರಾಬಾದಿನಲ್ಲಿ ಕೂರಿಸಿದ್ದು. ಮಗ್ಗುಲಲ್ಲಿ ಕೂತವರಿಗೂ ಕೇಳಿಸುತ್ತದೆ. ಶಹಾಪುರದ ಬಸ್ಸಿನಲ್ಲಿ ಒಬ್ಬಾಕೆ, ಗಡಿಯಾರವನ್ನು ಕುಪ್ಪಸದಲ್ಲಿ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳಿದ್ದಳು. ಆ ಕವಾಟಕ್ಕೆ ರಕ್ತ ಹೆಪ್ಪುಗಟ್ಟಿ ಅಂಟಬಾರದೆಂದು ದಿನಾ ರಾತ್ರಿ ಎಂಟಕ್ಕೆ ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತೇನೆ. ಎಂಟು ಎಂದರೆ ಎಂಟು. ದೋರನಹಳ್ಳಿಯಲ್ಲಿ ಶಿಕ್ಷಕಿಯಾಗಿ, ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಮೇಲ್ವಿಚಾರಕಿಯಾಗಿ ಮೂವತ್ತು ವರ್ಷ ಗಂಟೆ ಹೊಡೆಸಿದವಳು ನಾನು. ಪುಂಡಿಪಲ್ಯವನ್ನೂ ವಾರಕ್ಕೆ ಎರಡೇ ದಿನ, ಒಂದೇ ಬಟ್ಟಲು ತಿನ್ನುತ್ತೇನೆ. ಸೊಪ್ಪು ಹೆಚ್ಚುಕಡಿಮೆಯಾದರೆ ಗುಳಿಗೆಯ ಲೆಕ್ಕ ತಪ್ಪುತ್ತದೆ.

ಇಷ್ಟು ಶಿಸ್ತಿನ ದೇಹ ಅರವತ್ತಾರನೆಯ ವಯಸ್ಸಿನಲ್ಲಿ ದಂಗೆ ಎದ್ದಿತು. ಮುಟ್ಟು ನಿಂತು ಹದಿನೈದು ವರ್ಷವಾದ ಮೇಲೆ ಮತ್ತೆ ರಕ್ತ ಹೋಗತೊಡಗಿತು. ಯಾದಗಿರಿಯ ಹೆಣ್ಣುಮಕ್ಕಳ ಡಾಕ್ಟರು ಸ್ಕ್ಯಾನ್ ಮಾಡಿ, ಗರ್ಭಚೀಲದೊಳಗೆ ಏನೋ ಬೆಳೆದಿದೆ, ಚೀಲ ತೆಗೆದು ಆ ಮಾಂಸವನ್ನು ಪರೀಕ್ಷೆಗೆ ಕಳಿಸಬೇಕು, ತಡ ಮಾಡಬಾರದು ಎಂದರು. ಪರೀಕ್ಷೆ ಯಾವುದಕ್ಕೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು. ಗುಳಿಗೆ ನುಂಗಿದರೆ ಕೆಳಗೆ ರಕ್ತ ನಿಲ್ಲುವುದಿಲ್ಲ, ಬಿಟ್ಟರೆ ಮೇಲೆ ಕವಾಟ ಕಟ್ಟುತ್ತದೆ. ಸರ್ಕಾರಿ ಕಚೇರಿಗಳ ಹಾಗೆ ನನ್ನ ದೇಹದಲ್ಲೂ ಒಂದು ಇಲಾಖೆಗೆ ಇನ್ನೊಂದರ ಸುದ್ದಿ ಇರಲಿಲ್ಲ.

ಓಣಿಯವರು ಬಂದು ಮಾತಾಡಿಸಿ ಹೋದರು. ಎದುರುಮನೆಯಾಕೆಯಂತೂ ನಾನು ಮದುವೆಯಾಗದಿದ್ದುದೇ ಕಾರಣ ಎಂದು ತೀರ್ಪು ಕೊಟ್ಟಳು.

“ಹಡೀಲಿಲ್ಲ ಅಂದ್ರ ಚೀಲ ಸುಮ್ನ ಕುಂದರತೈತೇನ್ರಿ, ಟೀಚರ್ರೀ?”

“ನೀ ಐದು ಹಡದೀಯಲ್ಲವ್ವ. ನಿಂದ್ಯಾಕ ಹೋದ್ವರ್ಷ ತೆಗಿಸಿದಿ?” ಎಂದೆ. ಚಹಾ ಮುಗಿಸದೆ ಎದ್ದುಹೋದಳು.

ಕಲಬುರಗಿಯಲ್ಲಿರುವ ನನ್ನ ಹೃದಯದ ಡಾಕ್ಟರು ವೇಳಾಪಟ್ಟಿ ಬರೆದುಕೊಟ್ಟರು. ಆಪರೇಷನ್ ಮಂಗಳವಾರ ಮುಂಜಾನೆ. ಗುಳಿಗೆ ಹಿಂದಿನ ಬುಧವಾರ ರಾತ್ರಿಗೆ ಕೊನೆ. ಶುಕ್ರವಾರ ಸಂಜೆಯಿಂದ ದಿನಕ್ಕೆರಡು ಸಲ ಹೊಟ್ಟೆಗೆ ಸೂಜಿ. ಗುಳಿಗೆ ಇಲ್ಲದ ದಿನಗಳಲ್ಲಿ ಕವಾಟವನ್ನು ಅದೇ ಕಾಯಬೇಕು. ಕೊನೆಯ ಸೂಜಿ ಸೋಮವಾರ ಮುಂಜಾನೆ ಎಂಟಕ್ಕೆ. ಒಟ್ಟು ಆರು. ನಾನು ಆರೇ ತಂದೆ. ಏಳನೆಯದನ್ನು ತರುವುದು ನನ್ನ ಸ್ವಭಾವದಲ್ಲಿಲ್ಲ. ಸೂಜಿ ಚುಚ್ಚಿಕೊಳ್ಳುವುದನ್ನೂ ಕಲಿತೆ, ಪಟ್ಟಿಯನ್ನು ಕೆಂಪು ಶಾಯಿಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಅಷ್ಟು ಮಾಡಿದ ಮೇಲೆ ಜಗತ್ತು ನನ್ನ ಪಟ್ಟಿಯ ಪ್ರಕಾರ ನಡೆಯುತ್ತದೆ ಎಂದು ನಂಬಿದೆ.

ತಪ್ಪು ಅದಕ್ಕೂ ಮೊದಲೇ ಆಗಿಹೋಗಿತ್ತು. ಯಾದಗಿರಿಯ ಆಸ್ಪತ್ರೆಯಲ್ಲಿ ಹೆಸರು ಬರೆಸುವಾಗ ಕೌಂಟರಿನ ಹುಡುಗಿ ಕೇಳಿದ್ದಳು:

“ಗಂಡಸರ ನಂಬರ್ ಹೇಳ್ರಿ.”

“ನನ್ನ ನಂಬರ್ ಬರದೀಯಲ್ಲವ್ವ.”

“ನಿಮ್ದು ಪೇಶಂಟಿನ ನಂಬರ್ರಿ. ಮಾತಾಡಾಕ ಒಬ್ರು ಗಂಡಸರು ಬೇಕಲ್ರಿ.”

ನನ್ನ ಹಿಂದೆ ಹತ್ತು ಮಂದಿ ಸರತಿಯಲ್ಲಿ ನಿಂತಿದ್ದರು. ಸರತಿ ತಡೆಯುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗದು. ತಮ್ಮನ ನಂಬರು ಹೇಳಿ ಮುಂದೆ ಸರಿದೆ. ಇಡೀ ಹಾಸ್ಟೆಲ್ಲಿನ ಪರವಾಗಿ ಅಧಿಕಾರಿಗಳ ಜೊತೆ ಮಾತಾಡಿದವಳು ನನ್ನ ಗರ್ಭಚೀಲದ ಪರವಾಗಿ ಮಾತಾಡಲು ತಮ್ಮನನ್ನು ನೇಮಿಸಿಬಂದೆ.

ತಮ್ಮ ಸುರಪುರದವನು. ಅಲ್ಲಿನ ಕೋರ್ಟಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಉದ್ಯೋಗದುದ್ದಕ್ಕೂ ಅವನು ಮಾಡಿದ್ದು ಒಂದೇ ಕೆಲಸ: ಬಂದವರಿಗೆ ಮುಂದಿನ ಪೇಶಿಯ, ಎಂದರೆ ವಿಚಾರಣೆಯ, ತಾರೀಖು ಹೇಳುವುದು. ಮುಂದಕ್ಕೆ ಹಾಕಿದರೆ ಯಾರಿಗೂ ನಷ್ಟವಿಲ್ಲ ಎಂಬುದು ಅವನು ಸೇವೆಯಿಂದ ಪಡೆದ ತತ್ವಜ್ಞಾನ.

ಸೋಮವಾರ ಸಂಜೆ ಅವನು ನಾನಿರುವ ಶಹಾಪುರಕ್ಕೆ ಬಂದ. ಮಂಗಳವಾರ ಬೆಳಗ್ಗೆ ಬಾಡಿಗೆ ಕಾರಿನಲ್ಲಿ ಇಬ್ಬರೂ ಹೊರಟೆವು. ನಾನು ಒಂದು ಗುಟುಕು ನೀರೂ ಕುಡಿದಿರಲಿಲ್ಲ. ಭೀಮೆಯ ಸೇತುವೆ ಬರುವವರೆಗೆ ತಮ್ಮ ನಾಲ್ಕು ಸಲ ಕೆಮ್ಮಿದ, ಎರಡು ಸಲ “ಅಕ್ಕ” ಎಂದು ಕಿಟಕಿಯ ಕಡೆ ತಿರುಗಿದ. ನನ್ನ ಮೇಲಿನ ಅಕ್ಕರೆಗೆ ಹೀಗಾಡುತ್ತಿದ್ದಾನೆ ಎಂದುಕೊಂಡು ಅವನ ಕೈ ಕೂಡ ತಟ್ಟಿದೆ. ಈಗ ನೆನೆದರೆ ಆ ಕೈಯನ್ನೇ ತಿರುವಬೇಕಿತ್ತು ಅನ್ನಿಸುತ್ತದೆ.

ಏಳಕ್ಕೆ ಐದು ನಿಮಿಷ ಇರುವಾಗ ಆಸ್ಪತ್ರೆ ತಲುಪಿದೆವು. ಬಾಗಿಲು ಅರ್ಧ ಮುಚ್ಚಿತ್ತು. ನನಗಿಂತ ಹಿರಿಯನಾದ ಕಾವಲುಗಾರ ಬೀಡಿ ಆರಿಸಿ ಎದ್ದ.

“ಏನವ್ವ, ಇವತ್ತ ಬಂದೀರಿ? ಅಮಾಸಿ ಐತಿ. ಅಮಾಸಿ ದಿನ ಕೊಯ್ಸಿಕೊಳ್ಳಾಕ ಯಾರ್ ಬರ್ತಾರ್ರಿ?”

“ನನ್ನ ಆಪರೇಷನ್ ಇವತ್ತೇ ಐತಪ್ಪ. ಬರದು ಕೊಟ್ಟಾರ.”

“ಹೂಂರಿ, ಇತ್ತು. ಗುರುವಾರಕ್ಕ ಹೋಗ್ಯಾದ. ನಿಮ್ಮ ಗಂಡಸರೇ ಫೋನಿನ್ಯಾಗ ಹೇಳ್ಯಾರಂತ.”

ನಾನು ನನ್ನ ಗಂಡಸರ ಕಡೆ ತಿರುಗಿದೆ. ಅವನು ಗೋಡೆಯ ಮೇಲಿನ ಲಸಿಕೆಯ ಚಿತ್ರವನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದ.

“ಏನ್ ಮಾಡಿದ್ಯೋ?”

“ರವಿವಾರ ಫೋನ್ ಬಂದಿತ್ತಕ್ಕ. ಮಂಗಳವಾರ ಬರ್ತೀರೇನು ಅಂತ ಕೇಳಿದ್ರು. ನಾ ಕ್ಯಾಲೆಂಡರ್ ನೋಡ್ದೆ. ಅಮಾಸಿ. ಮ್ಯಾಲ ಮಂಗಳಾರ. ಎರಡೇ ದಿನದ ಮಾತು ಅಂತ ಪೇಶಿ ಮುಂದಕ್ಕ ಹಾಕ್ಸಿದೆ.”

“ನನಗ್ಯಾಕ ಹೇಳ್ಲಿಲ್ಲ?”

“ಹೇಳಿದ್ರ ನೀ ಒಪ್ಪತಿದ್ದೇನು? ಕಾರಿನ್ಯಾಗ ಹೇಳಬೇಕಂದೆ. ನೀ ಕೈ ತಟ್ಟಿದಿ, ಬಾಯಿ ಬರಲಿಲ್ಲ.”

“ಗುಳಿಗಿ ಬಿಟ್ಟು ಆರು ದಿನ ಆತು. ಸೂಜಿ ನಿನ್ನೆ ಮುಂಜಾನೆಗೆ ಮುಗದಾವ. ಅದು ಗೊತ್ತೈತಿಲ್ಲೋ ನಿನಗ?”

“ಚಲೋನೇ ಆತಲ್ಲಕ್ಕ. ಇಷ್ಟು ವರ್ಷ ನುಂಗಿ ನುಂಗಿ ಮೈ ದಣದೈತಿ. ಇನ್ನೆರಡು ದಿನ ಆರಾಮ್ ತೊಗೊಳ್ಳಲಿ.”

ಆ ಕ್ಷಣ ಎದೆಯೊಳಗಿನ ಟಿಕ್ ಟಿಕ್ ನನಗೆ ಎಂದಿಗಿಂತ ಸ್ಪಷ್ಟವಾಗಿ ಕೇಳಿಸಿತು. ಅದು ನಿಂತರೆ ಹೇಗೆ ಕೇಳಿಸೀತು ಎಂದೂ ಯೋಚನೆ ಬಂತು. ಹೆದರಿದೆ. ಹೆದರಿದಾಗ ನಾನು ಕೂಗುತ್ತೇನೆ.

ಕೂಗಿಗೆ ಮಹಡಿಯ ಮನೆಯಿಂದ ಡಾಕ್ಟರು ತಲೆ ಒರೆಸಿಕೊಳ್ಳುತ್ತಲೇ ಇಳಿದು ಬಂದರು. ವಿಷಯ ಕೇಳಿ ಮುಖ ಸಣ್ಣದು ಮಾಡಿದರು.

“ನನಗ ಈ ಅಮಾಸಿ ಗಿಮಾಸಿ ನಂಬಿಕಿ ಇಲ್ರಿ, ಟೀಚರ್ರೀ. ಈಗಲೂ ಮಾಡ್ತಿದ್ದೆ. ಆದ್ರ ಇವತ್ತ ಕೆಲಸಿಲ್ಲಂತ ಅರಿವಳಿಕೆ ಡಾಕ್ಟರ್ ಅಮಾಸಿ ದರ್ಶನಕ್ಕ ಅಬ್ಬೆತುಮಕೂರು ಮಠಕ್ಕ ಹೋಗ್ಯಾರ್ರಿ. ಮನ್ಯಾಗೇ ಫೋನ್ ಬಿಟ್ಟು ಹೋಗ್ಯಾರ. ಹೃದಯದ ಡಾಕ್ಟರಿಗೆ ತಿಳಿಸ್ರಿ ಅಂದಿದ್ದೆ. ಎಲ್ಲಾ ಕಡಿ ತಿಳಿಸೀನಿ ಅಂದ್ರು ನಿಮ್ಮ ತಮ್ಮಾರು.”

ತಮ್ಮ ಮತ್ತೆ ಲಸಿಕೆಯ ಚಿತ್ರಕ್ಕೆ ಮರಳಿದ್ದ.

ನಾನೇ ಕಲಬುರಗಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟೆ. ಹೃದಯದ ಡಾಕ್ಟರು ಪೂರ್ತಿ ಕೇಳಿ, ಕೊನೆಯ ಸೂಜಿಯ ಹೊತ್ತನ್ನು ಮತ್ತೊಮ್ಮೆ ಕೇಳಿಕೊಂಡರು.

“ಈಗಿಂದೀಗ ಒಂದು ಸೂಜಿ ತೊಗೋರಿ. ಸಂಜಿಗೊಂದು, ನಾಳೆ ಮುಂಜಾನೆ ಒಂದು. ಆಮ್ಯಾಲ ಬಂದ್. ಗುರುವಾರ ಮುಂಜಾನೆ ಆಪರೇಷನ್ ಆಗ್ಲೇಬೇಕು. ಕವಾಟ ಕಟ್ಟಿತಂದ್ರ ಗರ್ಭಚೀಲದ ಚಿಂತಿ ಮಾಡಾಕ ನೀವೇ ಇರಂಗಿಲ್ರಿ.”

ತಮ್ಮ ಲಸಿಕೆಯ ಚಿತ್ರ ಬಿಟ್ಟು ಫೋನಿನ ಕಡೆ ತಿರುಗಿದ. ಕೋರ್ಟಿನಲ್ಲಿ ಯಾವ ಪೇಶಿಯೂ ಇಂಥ ಮಾತು ಹೇಳಿರಲಿಲ್ಲ.

ಎದುರಿನ ಔಷಧಿ ಅಂಗಡಿಗೆ ಅವನೇ ಓಡಿದ. ಹತ್ತು ನಿಮಿಷವಾದರೂ ಬರಲಿಲ್ಲ. ನಾನೇ ಹೋಗಿ ನೋಡಿದರೆ ಅಂಗಡಿಯವನು ಹೊಸ್ತಿಲ ಮುಂದೆ ಬೂದಗುಂಬಳಕ್ಕೆ ಕುಂಕುಮ ತುಂಬುತ್ತಿದ್ದ. ತಮ್ಮ ಕೈಕಟ್ಟಿ ಕಾಯುತ್ತಿದ್ದ.

“ಪೂಜಿ ಆಗೋತನಕ ಕೊಡಂಗಿಲ್ಲಂತಕ್ಕ.”

“ಸಾಹುಕಾರ, ಸೂಜಿ ಕೊಟ್ಟು ಕುಂಬಳಕಾಯಿ ಒಡೀತೀರೋ, ನಿಮ್ಮ ಹೊಸ್ತಿಲ ಮ್ಯಾಲೇ ನಾ ಬೀಳ್ಳೋ? ಅಮಾಸಿ ದಿನ, ನೋಡ್ರಿ ಮತ್ತ.”

ಅವನು ಕುಂಕುಮದ ಕೈಯಲ್ಲೇ ಮೂರು ಸೂಜಿ ತೆಗೆದುಕೊಟ್ಟ. ಅಮಾವಾಸ್ಯೆ ಆ ದಿನ ನನಗೆ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಮರಳಿ ಬಂದು ಕೌಂಟರಿನ ಕುರ್ಚಿಯಲ್ಲಿ ಕೂತು, ಸೆರಗು ಸರಿಸಿ, ಹೊಟ್ಟೆಯ ಚರ್ಮ ಚಿವುಟಿ ಹಿಡಿದು ನಾನೇ ಚುಚ್ಚಿಕೊಂಡೆ. ನರ್ಸ್ ಕೊಡುತ್ತೇನೆಂದರೂ ಬಿಡಲಿಲ್ಲ. ತಮ್ಮ ನೋಡಲಿ ಎಂದೇ ಹಾಗೆ ಮಾಡಿದೆ. ಅವನು ಕಣ್ಣು ಮುಚ್ಚಿದ. ಆಮೇಲೆ ಹುಡುಗಿಯ ಕೈಯಿಂದ ಫಾರಂ ತೆಗೆದುಕೊಂಡು ಗಂಡಸರ ನಂಬರಿನ ಮೇಲೆ ಗೆರೆ ಎಳೆದು ನನ್ನದನ್ನು ಬರೆದೆ. ಸರತಿಯಲ್ಲಿ ಯಾರಿದ್ದರೋ ನೋಡಲಿಲ್ಲ.

ಮನೆಗೆ ಹೋಗದೆ ಅಲ್ಲೇ ದಾಖಲಾದೆ. ಎರಡು ದಿನ ಖಾಲಿ ವಾರ್ಡಿನಲ್ಲಿ ನನ್ನ ಟಿಕ್ ಟಿಕ್ ಎಣಿಸುತ್ತ ಮಲಗಿದೆ. ಹೊರಗೆ ಬೆಂಚಿನ ಮೇಲೆ ತಮ್ಮ ಕೂತಿದ್ದ. ಹೋಗು ಎಂದರೂ ಹೋಗಲಿಲ್ಲ, ಒಳಗೆ ಬಾ ಎಂದು ನಾನು ಕರೆಯಲಿಲ್ಲ. ಗುರುವಾರ ಚೀಲ ತೆಗೆದರು. ರಕ್ತ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚು ಹೋಯಿತು, ಒಂದು ಬಾಟಲಿ ಏರಿಸಿದರು. ಶುಕ್ರವಾರ ರಾತ್ರಿ ಎಂಟಕ್ಕೆ ಮತ್ತೆ ಗುಳಿಗೆ ಶುರುವಾಯಿತು. ಅದು ಬಲ ಹಿಡಿಯುವವರೆಗೆ ಸೂಜಿಯೂ ಜೊತೆಗಿತ್ತು. ಕವಾಟ ಕಟ್ಟಲಿಲ್ಲ.

ಉಳಿದದ್ದು ಮಾಂಸದ ಪರೀಕ್ಷೆ. ಹತ್ತು ದಿನದ ಮೇಲೆ ಶಹಾಪುರದ ಮನೆಯಲ್ಲಿ ರೊಟ್ಟಿ ಮುರಿಯುತ್ತಿದ್ದಾಗ ಫೋನ್ ಬಂತು, ನನ್ನ ನಂಬರಿಗೆ. ಕೆಟ್ಟದ್ದು ಏನೂ ಇಲ್ಲ ಎಂದರು ಡಾಕ್ಟರು. ಎರಡು ಸಲ ಹೇಳಿಸಿಕೊಂಡೆ. ರೊಟ್ಟಿ ತಟ್ಟೆಯಲ್ಲೇ ಉಳಿಯಿತು.

ಸ್ವಲ್ಪ ಹೊತ್ತಿಗೆ ಸುರಪುರದಿಂದ ತಮ್ಮನ ಫೋನು. ದಿನಾ ಅದೇ ಹೊತ್ತಿಗೆ ಮಾಡುತ್ತಿದ್ದ.

“ಏನಾರ ತಿಳೀತೇನಕ್ಕ?”

“ಹೂಂ, ತಿಳೀತು.”

“ಏನಂತ?”

“ನಾಡದು ಹೇಳ್ತೀನಿ. ಎರಡೇ ದಿನದ ಮಾತು.”

ಅವನು ಫೋನ್ ಇಡಲಿಲ್ಲ. ಅಕ್ಕ ಎಂದ. ಮತ್ತೊಮ್ಮೆ ಅಕ್ಕ ಎಂದ, ಈ ಸಲ ದನಿ ಒಡೆದಿತ್ತು. ನಾನು ಗಡಿಯಾರ ನೋಡಿದೆ. ನಿಜವಾಗಿಯೂ ಎರಡು ದಿನ ಕಾಯಿಸಬೇಕೆಂದೇ ಇದ್ದೆ. ಎರಡು ನಿಮಿಷವಾಗಿತ್ತು. ಅಷ್ಟಕ್ಕೇ ಹೇಳಿಬಿಟ್ಟೆ.