ಷಡ್ಡಕನ ಮನೆಯ ಗಾಳಿ

ಇವರ ಮುತ್ತಜ್ಜ ಗೋಡೆಗೆ ಮೂಗು ಹಚ್ಚಿಯೇ ಒಳಗಿನ ತೇವ ಹೇಳಿದವನು, ಅಜ್ಜ ತಿದಿಯೊತ್ತಿ ಊರಿನ ಕಬ್ಬಿಣವನ್ನೆಲ್ಲ ಬಗ್ಗಿಸಿದವನು, ಅಪ್ಪನಂತೂ ಸದ್ದು ಕೇಳಿಯೇ ಫ್ಯಾನಿನ ರೋಗ ಹಿಡಿದವನು. ಅಂಥ ವಂಶದ ಕುಡಿಯಾದ ನಮ್ಮ ಸ್ವಂತ ರಿಪೇರಿಯ ಯಜಮಾನರು ಬಚ್ಚಲ ಬಾಗಿಲಲ್ಲಿ ಸ್ಟೂಲು ಹತ್ತಿ, ಗಾಳಿಯ ತೇವ ಅಳೆದು ಫ್ಯಾನು ಓಡಿಸುವ ಬೆಂಕಿಪೊಟ್ಟಣದಷ್ಟು ಸೆನ್ಸರಿನ ಜೊತೆ ಗುದ್ದಾಡುತ್ತಾರೆ. ಒರೆಸಿದ್ದಾಯಿತು, ವೈರು ಬಿಗಿದದ್ದಾಯಿತು, ಒದ್ದೆ ಉಪ್ಪಿನ ಡಬ್ಬಿಯಲ್ಲಿ ಮುಚ್ಚಿಟ್ಟು ಪರೀಕ್ಷಿಸಿದ್ದೂ ಆಯಿತು. ಉಪ್ಪಿನ ಡಬ್ಬಿಯೊಳಗೆ ಇರಬೇಕಾದ ಎಪ್ಪತ್ತೈದಕ್ಕೇ ಸಾಧುವಾಗಿ ನಿಂತಿದ್ದ ತೇವದ ಅಂಕಿ ಗೋಡೆಗೇರಿದೊಡನೆ ತೊಂಬತ್ತು ದಾಟುತ್ತದೆ, ಫ್ಯಾನು ನಿಲ್ಲದೆ ಓಡಿ ಮನೆಗೆಲ್ಲ ಚಳಿಗಾಳಿ ಎಳೆಯುತ್ತದೆ. ದಾಟದೆ ಏನು ಮಾಡೀತು? "ಷಡ್ಡಕನ ಮನೇದು ಬೆಣ್ಣೆ ಹಾಗೆ ಓಡುತ್ತಂತೆ, ಹುಂ!" ಎಂದು ಇವರು ಅದರ ಮೋರೆಗೇ ಬಿಸಿಯುಸಿರು ಬಿಡುತ್ತಾರೆ. "ರೀ, ಮೂತಿ ಆಚೆ ತಿರುಗಿಸಿ ಹೊಟ್ಟೆ ಉರ್ಕೊಳ್ಳಿ" ಎನ್ನುತ್ತಾಳೆ ಉಬ್ಬಸದ ಹೆಂಡತಿ. ತಂಗಿಯ, ಅಂದರೆ ಅದೇ ಷಡ್ಡಕನ, ಮನೆಯಲ್ಲಿ ವಾರವಿದ್ದು ಬಂದವಳು, "ಅಲ್ಲಿ ಒಂದಿನಾನೂ ಕೆಮ್ಮು ಬರಲಿಲ್ಲ" ಎಂದು ಒಮ್ಮೆ, ಒಮ್ಮೆ ಮಾತ್ರ, ಅಂದಿದ್ದಳು. ಅಂದಿನಿಂದ ಇವರಿಗೆ ಅನ್ನ ರುಚಿಸಿಲ್ಲ. ಅವಳ ಪ್ರತಿ ಕೆಮ್ಮಿಗೂ ಸ್ಕ್ರೂಡ್ರೈವರ್ ಹಿಡಿದು ಮತ್ತೆ ಸ್ಟೂಲು ಹತ್ತುತ್ತಾರೆ. ಇಂದು ಆ ಷಡ್ಡಕನೇ ಹೊಸ ಸೆನ್ಸರ್ ಹಿಡಿದು ಬಾಗಿಲಿಗೆ ಬಂದರೆ, ಇವರು ಸ್ಟೂಲಿನಿಂದ ಇಳಿಯಲೂ ಇಲ್ಲ. "ಬೇಡಪ್ಪಾ, ವಾಪಸ್ ತಗೊಂಡ್ಹೋಗು. ನಿನ್ನ ಮನೇಲಿ ಅವಳು ಕೆಮ್ಮದೆ ನೆಮ್ಮದಿಯಾಗಿ ಮಲಗಿದ್ಲು, ಸಂತೋಷ. ಇಲ್ಲಿ ಅವಳನ್ನ ನಾನೇ ಮಲಗಿಸ್ತೀನಿ."